ಪ್ಯಾಂಕ್ರಿಯಾಸ್ ನೋವು: ಇನ್ನೊಂದು ಸ್ಟೆಂಟಾ, ಇಲ್ಲ ಆಪರೇಷನ್ನಾ?

ಹಾಸನದ ಅಕ್ಕ
ನನ್ನ ತಮ್ಮನಿಗೆ 29 ವರ್ಷ. ಕಾಲೇಜಿಗೆ ಹೋಗುವಾಗಿನಿಂದ ಹೊಟ್ಟೆನೋವು. ಎಲ್ಲರೂ ಗ್ಯಾಸ್ಟ್ರಿಕ್ ಅಂದರು, ಖಾಲಿ ಹೊಟ್ಟೆಗೆ ಮಾತ್ರೆ ನುಂಗಿಸಿದರು. ಎಷ್ಟೋ ವರ್ಷ ಕಳೆದ ಮೇಲೆ ಸಿಟಿ ಸ್ಕ್ಯಾನ್ ಮಾಡಿದಾಗ ದೀರ್ಘಕಾಲದ ಪ್ಯಾಂಕ್ರಿಯಾಟೈಟಿಸ್, ಅಂದರೆ ಪ್ಯಾಂಕ್ರಿಯಾಸ್ ಉರಿಯೂತ, ಎಂದು ಗೊತ್ತಾಯಿತು. ಪ್ಯಾಂಕ್ರಿಯಾಸ್ (ಮೇದೋಜ್ಜೀರಕ ಗ್ರಂಥಿ) ನಾಳದ ಉದ್ದಕ್ಕೂ ಕಲ್ಲು. ನಾಳ 9 ಮಿಲಿಮೀಟರ್ ಅಗಲವಾಗಿದೆ, ಗ್ರಂಥಿಯ ತಲೆಭಾಗ ಊದಿಕೊಂಡಿದೆ ಎಂದು ರಿಪೋರ್ಟ್‌ನಲ್ಲಿದೆ.

ಬಾಯಿಂದ ಎಂಡೋಸ್ಕೋಪಿ ಟ್ಯೂಬ್ ಹಾಕಿ ಆ ನಾಳದಲ್ಲಿ ಸ್ಟೆಂಟ್, ಅಂದರೆ ಚಿಕ್ಕ ನಳಿಗೆ, ಇಟ್ಟಿದ್ದಾರೆ. ಕೆಲವು ತಿಂಗಳಿಗೊಮ್ಮೆ ಬದಲಾಯಿಸುತ್ತಾರೆ. ಬದಲಾಯಿಸಿದ ಮೇಲೆ ಕೆಲವು ವಾರ ಪರವಾಗಿಲ್ಲ, ಆಮೇಲೆ ಮತ್ತೆ ಅದೇ ಕಥೆ. ನೋವು ಬಂದರೆ ಬೆನ್ನಿನವರೆಗೂ ಹೋಗುತ್ತದೆ, ಮೊಣಕಾಲು ಎದೆಗೆ ಒತ್ತಿಕೊಂಡು ಕೂರುತ್ತಾನೆ. ಟ್ರಮಡಾಲ್ ಎಂಬ ನೋವಿನ ಮಾತ್ರೆ ಇಲ್ಲದೆ ನಿದ್ದೆ ಇಲ್ಲ. ತೂಕ ಇಳಿಯುತ್ತಲೇ ಇದೆ.

ಈಗ ಸರ್ಜನ್ ಒಬ್ಬರು ಫ್ರೇ ಆಪರೇಷನ್ ಮಾಡಿಸಿ ಅನ್ನುತ್ತಿದ್ದಾರೆ. ಸ್ಟೆಂಟ್ ಹಾಕುವ ಡಾಕ್ಟರ್ ಇನ್ನೊಂದು ಸಲ ಹಾಕಿ ನೋಡೋಣ ಅನ್ನುತ್ತಾರೆ. ಅಮ್ಮ ಆಪರೇಷನ್ ಅಂದರೆ ಅಳುತ್ತಾರೆ. ಮಾವ ಬೇರೆ, ಹೊಟ್ಟೆ ಕೊಯ್ಸಿಕೊಂಡ ಹುಡುಗನಿಗೆ ಹೆಣ್ಣು ಯಾರು ಕೊಡುತ್ತಾರೆ ಎಂದು ಕೇಳಿದರು. ಮಾಡಿಸಿಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಅಂದಹಾಗೆ ಅವನು ಒಂದು ತೊಟ್ಟೂ ಕುಡಿದವನಲ್ಲ.

ಕಾಫಿ ತೋಟ
ಅಕ್ಕಾ, ಎರಡನೇ ಅಭಿಪ್ರಾಯ ತೆಗೆದುಕೊಳ್ಳಿ. ಇಂಥದ್ದಕ್ಕೆಲ್ಲ ಇಲ್ಲಿ ಕೇಳಿದರೆ ತಲೆಗೊಂದು ಮಾತು.

ಹಾಸನದ ಅಕ್ಕ
ಅಣ್ಣಾ, ಇಬ್ಬರು ಡಾಕ್ಟರ್ ಎರಡು ಮಾತು ಹೇಳಿದ್ದಕ್ಕೇ ಇಲ್ಲಿಗೆ ಬಂದಿದ್ದು.

ಬಂಟ್ವಾಳದ ಹುಡುಗ
ನಾನು ಮಾಡಿಸಿಕೊಂಡವನು. ಫ್ರೇ ಆಪರೇಷನ್ನೇ. ನಾಲ್ಕೈದು ವರ್ಷ ಆಯಿತು. ನೋವು ಪೂರ್ತಿ ಹೋಗಿದೆ ಎಂದು ಹೇಳುವುದಿಲ್ಲ. ಆದರೆ ಮೊದಲಿನ ಆ ಉರುಳಾಡುವ ನೋವು ಮತ್ತೆ ಬಂದಿಲ್ಲ. ತಿಂಗಳಿಗೊಮ್ಮೆ ಅಡ್ಮಿಟ್ ಆಗಿ ಡ್ರಿಪ್ ಹಾಕಿಸಿಕೊಳ್ಳುವುದು ನಿಂತಿತು. ಕೆಲಸಕ್ಕೆ ಹೋಗುತ್ತೇನೆ, ತೂಕ ಬಂದಿದೆ. ಮದುವೆಯೂ ಆಯಿತು, ಅದನ್ನು ನಿಮ್ಮ ಮಾವನಿಗೆ ಹೇಳಿ.

ಮೊದಲ ವಾರ ಮಾತ್ರ ಕಷ್ಟ. ಮೂಗಿನಲ್ಲಿ ನಳಿಗೆ, ಪಕ್ಕೆಯಲ್ಲಿ ಡ್ರೈನ್, ಕೆಮ್ಮಿದರೆ ಜೀವ ಹೋಗುತ್ತದೆ. ಅದು ಗಾಯದ ನೋವು, ದಿನಾ ಕಡಿಮೆ ಆಗುತ್ತಾ ಹೋಗುತ್ತದೆ. ಹಳೇ ನೋವು ಹಾಗಲ್ಲವಲ್ಲ.

ತುಂಗೆಯ ತೀರ
ಚಿಕ್ಕ ವಯಸ್ಸಿಗೇ ಆಪರೇಷನ್ ಯಾಕೆ? ನಮ್ಮ ಕಡೆ ಕಲ್ಲು ಕರಗಿಸುವ ಸೊಪ್ಪಿನ ಕಷಾಯ ಕೊಡುತ್ತಾರೆ. ನಮ್ಮ ಅತ್ತಿಗೆಗೆ ಕಿಡ್ನಿ ಕಲ್ಲು ಹೋಯಿತು. 48 ದಿನ ಪಥ್ಯ ಮಾಡಿದರೆ ಸಾಕು.

ಸರ್ಜನ್ ಮೈಸೂರು
ಕಿಡ್ನಿ ಕಲ್ಲು ಬೇರೆ, ಇದು ಬೇರೆ. ಚಿಕ್ಕ ಕಿಡ್ನಿ ಕಲ್ಲು ತಾನಾಗಿಯೇ ಮೂತ್ರದಲ್ಲಿ ಇಳಿದು ಹೋಗಬಹುದು. ಪ್ಯಾಂಕ್ರಿಯಾಸ್‌ನಲ್ಲಿರುವುದು ಕ್ಯಾಲ್ಸಿಯಂ ಕಾರ್ಬೊನೇಟ್ ಕಲ್ಲು, ಗಟ್ಟಿಯಾಗಿ ನಾಳಕ್ಕೆ ಕಚ್ಚಿಕೊಂಡಿರುತ್ತದೆ. ಅದನ್ನು ಕಷಾಯ ಕರಗಿಸುವುದಿಲ್ಲ. ಕಷಾಯ ಕುಡಿಯುತ್ತಾ ವರ್ಷಗಟ್ಟಲೆ ಕಳೆದವರನ್ನು ನಾನು ಓಪಿಡಿಯಲ್ಲಿ ನೋಡುತ್ತಲೇ ಇದ್ದೇನೆ. ಬರುವಷ್ಟರಲ್ಲಿ ಶುಗರ್ ಬಂದಿರುತ್ತದೆ, ಮೈಯಲ್ಲಿ ಮೂಳೆ ಚರ್ಮ ಮಾತ್ರ ಉಳಿದಿರುತ್ತದೆ.

ಹಾಸನದ ಅಕ್ಕ ಅವರೇ, ಸ್ಕ್ಯಾನ್ ಕಣ್ಣಾರೆ ನೋಡದೆ ನಿಮ್ಮ ತಮ್ಮನಿಗೆ ಇದೇ ಸರಿ ಎಂದು ನಾನು ಹೇಳಲಾರೆ. ಆದರೆ ಈ ಆಪರೇಷನ್ ಏನು, ಯಾಕೆ ಎಂದು ಹೇಳಬಲ್ಲೆ.

ಗ್ರಂಥಿಯಿಂದ ಜೀರ್ಣರಸ ಒಂದು ನಾಳದಲ್ಲಿ ಹರಿದು ಸಣ್ಣ ಕರುಳಿಗೆ ಬರುತ್ತದೆ. ಆರೋಗ್ಯವಂತರಲ್ಲಿ ಆ ನಾಳದ ಅಗಲ ಸುಮಾರು 3 ಮಿಲಿಮೀಟರ್. ಕಲ್ಲು ಕೂತಾಗ, ಬಾಯಿ ಕಿರಿದಾದಾಗ, ಕಾಲುವೆಗೆ ಕಟ್ಟೆ ಬಿದ್ದ ಹಾಗೆ ರಸ ಹಿಂದೆ ನಿಲ್ಲುತ್ತದೆ. ಒತ್ತಡ ಏರುತ್ತದೆ, ನಾಳ ಹಿಗ್ಗುತ್ತದೆ, ನೋವು ಬರುತ್ತದೆ. ಊಟ ಮಾಡಿದ ಮೇಲೆ ನೋವು ಜಾಸ್ತಿ ಆಗುವುದು ಹಲವರಲ್ಲಿ ಇದಕ್ಕೇ. ಆ ರಸಕ್ಕೆ ಬೇರೆ ದಾರಿ ಮಾಡಿಕೊಡುವುದೇ ಡ್ರೈನೇಜ್ ಆಪರೇಷನ್.

ಇದು ಹೊಸದಲ್ಲ. 1954ರಲ್ಲಿ ಡುವಾಲ್ ಎಂಬ ಸರ್ಜನ್ ಗ್ರಂಥಿಯ ಬಾಲದ ತುದಿ ಕತ್ತರಿಸಿ ಅಲ್ಲಿಗೆ ಕರುಳು ಜೋಡಿಸಿದರು. ಮಧ್ಯದಲ್ಲಿ ಇನ್ನೊಂದು ಕಡೆ ಅಡ್ಡಿ ಇದ್ದರೆ ಅದು ಸಾಲುತ್ತಿರಲಿಲ್ಲ. 1958ರಲ್ಲಿ ಪ್ಯೂಸ್ಟೋ ಮತ್ತು ಗಿಲ್ಸ್‌ಬಿ ನಾಳವನ್ನು ಉದ್ದಕ್ಕೆ ಸೀಳಿದರು, ಆದರೆ ಗುಲ್ಮವನ್ನೂ (ಸ್ಪ್ಲೀನ್) ತೆಗೆಯುತ್ತಿದ್ದರು. 1960ರಲ್ಲಿ ಪಾರ್ಟಿಂಗ್‌ಟನ್ ಮತ್ತು ರೋಚೆಲ್ ಗುಲ್ಮ, ಬಾಲ ಎರಡನ್ನೂ ಉಳಿಸಿ, ಸೀಳಿದ ನಾಳಕ್ಕೆ ಕರುಳನ್ನು ಪಕ್ಕಕ್ಕೆ ಪಕ್ಕ ಹೊಲಿಯುವ ವಿಧಾನ ತಂದರು. ಇವತ್ತಿಗೂ ನಾವು ಮಾಡುವುದು ಹೆಚ್ಚುಕಡಿಮೆ ಅದನ್ನೇ.

ಒಂದು ತೊಂದರೆ ಉಳಿದಿತ್ತು. ತಲೆಭಾಗ ಊದಿಕೊಂಡಿದ್ದರೆ ನಾಳ ಸೀಳಿದರೂ ಅಲ್ಲಿನ ಕಲ್ಲು, ಅಲ್ಲಿನ ಚಿಕ್ಕ ನಾಳಗಳು ಹಾಗೇ ಇರುತ್ತವೆ. ನೋವೂ ಇರುತ್ತದೆ. ಫ್ರೇ 1987ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ತಲೆಭಾಗದ ಒಳತಿರುಳನ್ನು ಕೆತ್ತಿ ತೆಗೆಯುತ್ತಾರೆ, ನಾಳವನ್ನು ಬಾಲದವರೆಗೆ ಸೀಳುತ್ತಾರೆ, ಕಲ್ಲು ತೆಗೆಯುತ್ತಾರೆ, ಅದರ ಮೇಲೆ ಕರುಳಿನ ಒಂದು ಕುಣಿಕೆಯನ್ನು ತಂದು ಹೊಲಿಯುತ್ತಾರೆ. ಡುಯೋಡಿನಮ್, ಅಂದರೆ ಸಣ್ಣ ಕರುಳಿನ ಮೊದಲ ಭಾಗ, ಹಾಗೇ ಉಳಿಯುತ್ತದೆ. ನೀವು ಹೇಳಿದಂತೆ 9 ಮಿಲಿಮೀಟರ್ ನಾಳ, ಉದ್ದಕ್ಕೂ ಕಲ್ಲು, ಊದಿದ ತಲೆ ಇದ್ದರೆ ಸರ್ಜನ್ ಫ್ರೇ ಹೆಸರು ಹೇಳಿದ್ದರಲ್ಲಿ ಆಶ್ಚರ್ಯ ಏನೂ ಇಲ್ಲ.

ತುಂಗೆಯ ತೀರ
ಡಾಕ್ಟರೇ, ನಾನು ಹೇಳಿದ್ದು ಒಳ್ಳೆಯ ಮನಸ್ಸಿಂದ.

ಸರ್ಜನ್ ಮೈಸೂರು
ಗೊತ್ತು ಸರ್. ಆದರೂ ಹೇಳಲೇಬೇಕು, ಈ ಕಾಯಿಲೆಯಲ್ಲಿ ಕಾಯುವುದಕ್ಕೆ ಬೆಲೆ ಇದೆ.

ಮಲ್ಲೇಶ್ವರ 8ನೇ ಕ್ರಾಸ್
ಸ್ಟೆಂಟ್ ಹಾಕಿದರೂ ರಸ ಹರಿಯುತ್ತದಲ್ಲ? ಅದೂ ಡ್ರೈನೇಜೇ ಅಲ್ವಾ? ಹೊಟ್ಟೆ ಕೊಯ್ಯದೆ ಆಗುವ ಕೆಲಸಕ್ಕೆ ಕೊಯ್ಯುವುದು ಯಾಕೆ?

ಸರ್ಜನ್ ಮೈಸೂರು
ಒಳ್ಳೆಯ ಪ್ರಶ್ನೆ. ಇದನ್ನು ನೇರವಾಗಿ ಹೋಲಿಸಿ ನೋಡಿದ್ದಾರೆ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ 39 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎಂಡೋಸ್ಕೋಪಿ, ಇನ್ನೊಂದಕ್ಕೆ ಆಪರೇಷನ್. ಎಲ್ಲರಿಗೂ ನಾಳ ಹಿಗ್ಗಿತ್ತು. 2007ರಲ್ಲಿ ಫಲಿತಾಂಶ ಬಂತು. 2 ವರ್ಷದ ಕೊನೆಗೆ ನೋವು ಪೂರ್ತಿಯೋ ಅರ್ಧಂಬರ್ಧವೋ ಕಡಿಮೆಯಾದವರು ಎಂಡೋಸ್ಕೋಪಿಯಲ್ಲಿ ನೂರಕ್ಕೆ 32, ಆಪರೇಷನ್‌ನಲ್ಲಿ ನೂರಕ್ಕೆ 75. ವ್ಯತ್ಯಾಸ ಎಷ್ಟಿತ್ತೆಂದರೆ ಪರೀಕ್ಷೆಯನ್ನು ಮಧ್ಯದಲ್ಲೇ ನಿಲ್ಲಿಸಿದರು. 5 ವರ್ಷ ಆದಮೇಲೆ ಮತ್ತೆ ನೋಡಿದಾಗ 38 ಮತ್ತು 80. ಎಂಡೋಸ್ಕೋಪಿ ಗುಂಪಿನ ಹತ್ತಿರ ಹತ್ತಿರ ಅರ್ಧ ಜನ ಕೊನೆಗೆ ಆಪರೇಷನ್‌ಗೇ ಬಂದಿದ್ದರು.

ಜಿಐ ಟ್ರೈನಿ
ಸರ್, ಮಧ್ಯೆ ಮಾತಾಡುತ್ತಿದ್ದೇನೆ, ಕ್ಷಮಿಸಿ. ನಾನು ಎಂಡೋಸ್ಕೋಪಿ ಕಲಿಯುತ್ತಿರುವವನು. 39 ಜನ ಎಂದರೆ ತೀರಾ ಚಿಕ್ಕ ಪರೀಕ್ಷೆ. ಯಾರಿಗೆ ಯಾವುದು ಆಯಿತು ಎಂದು ರೋಗಿಗೂ ಗೊತ್ತು, ಡಾಕ್ಟರಿಗೂ ಗೊತ್ತು. ನೋವು ಎನ್ನುವುದು ರೋಗಿ ಹೇಳಿದ್ದರ ಮೇಲೆ ಅಳೆಯುವ ವಿಷಯ. ದೊಡ್ಡ ಆಪರೇಷನ್ ಆಯಿತು ಎಂಬ ನಂಬಿಕೆಯೂ ನೋವು ಇಳಿಸುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯಬೇಕು ಅಲ್ವಾ?

ಇನ್ನೊಂದು, 2007ರ ಎಂಡೋಸ್ಕೋಪಿಯೇ ಇವತ್ತಿನದೂ ಎಂದು ಹೇಳುವುದು ಅನ್ಯಾಯ. ಹೊರಗಿನಿಂದ ಶಾಕ್‌ವೇವ್ ಕೊಟ್ಟು ಕಲ್ಲು ಪುಡಿ ಮಾಡಿ ಆಮೇಲೆ ತೆಗೆಯುವ ವಿಧಾನದಲ್ಲಿ ಹೈದರಾಬಾದಿನ ಏಷ್ಯನ್ ಇನ್‌ಸ್ಟಿಟ್ಯೂಟ್ ಆಫ್ ಗ್ಯಾಸ್ಟ್ರೋಎಂಟರಾಲಜಿಯವರು 2010ರಲ್ಲೇ ಸಾವಿರಕ್ಕೂ ಹೆಚ್ಚು ರೋಗಿಗಳ ಅನುಭವ ಪ್ರಕಟಿಸಿದ್ದಾರೆ. ತಲೆಭಾಗದಲ್ಲಿ ಒಂದೆರಡು ಕಲ್ಲು ಮಾತ್ರ ಇರುವವರಿಗೆ ಅದು ಒಳ್ಳೆಯ ದಾರಿ. ಎಲ್ಲರನ್ನೂ ಕೊಯ್ಯುವ ಟೇಬಲ್‌ಗೆ ಕಳಿಸಬೇಕಿಲ್ಲ.

ಸರ್ಜನ್ ಮೈಸೂರು
ಎಲ್ಲರನ್ನೂ ಕಳಿಸಿ ಎಂದು ನಾನೆಲ್ಲಿ ಹೇಳಿದೆ? ನಿಮ್ಮ ಮಾತಿಗೆ ಎರಡು ಉತ್ತರ. ಆಮ್‌ಸ್ಟರ್‌ಡ್ಯಾಮ್ ಪರೀಕ್ಷೆಯಲ್ಲೂ ಶಾಕ್‌ವೇವ್ ಬಳಸಿದ್ದರು. ಎರಡನೆಯದು, ಹೈದರಾಬಾದ್ ಮತ್ತು ಡೆನ್ಮಾರ್ಕಿನವರು ಸೇರಿ 106 ರೋಗಿಗಳ ಮೇಲೆ ಪರೀಕ್ಷೆ ಮಾಡಿದರು. ಅರ್ಧ ಜನಕ್ಕೆ ನಿಜವಾದ ಶಾಕ್‌ವೇವ್ ಮತ್ತು ಎಂಡೋಸ್ಕೋಪಿ, ಉಳಿದವರಿಗೆ ಮಾಡಿದಂತೆ ತೋರಿಸಿದ್ದು ಮಾತ್ರ. 12 ವಾರಕ್ಕೆ ಸ್ವಲ್ಪ ವ್ಯತ್ಯಾಸ ಕಂಡಿತು. 24 ವಾರಕ್ಕೆ ಅದೂ ಉಳಿಯಲಿಲ್ಲ. ನಂಬಿಕೆಯ ಪರಿಣಾಮ ಲೆಕ್ಕ ಹಾಕುವುದಾದರೆ ಎರಡೂ ಕಡೆ ಹಾಕೋಣ.

ಜಿಐ ಟ್ರೈನಿ
ಆ ಪರೀಕ್ಷೆ ಗೊತ್ತು ಸರ್. ಆಪರೇಷನ್ ಹೋಲಿಕೆಗಳಲ್ಲಿ ಅಂಥ ತೋರಿಕೆಯ ಗುಂಪು ಇರಲಿಲ್ಲ, ನನ್ನ ತಕರಾರು ಅಷ್ಟೇ. ನೆದರ್‌ಲ್ಯಾಂಡ್ಸ್‌ನವರದೇ 2020ರ ದೊಡ್ಡ ಪರೀಕ್ಷೆಯನ್ನೂ ನೋಡಿ. 30 ಆಸ್ಪತ್ರೆ, 88 ರೋಗಿಗಳು. ಬೇಗ ಆಪರೇಷನ್ ಆದವರಿಗೆ 18 ತಿಂಗಳಲ್ಲಿ ನೋವಿನ ಅಂಕ 100ಕ್ಕೆ ಸರಾಸರಿ 37, ಮೊದಲು ಮಾತ್ರೆ, ಆಮೇಲೆ ಎಂಡೋಸ್ಕೋಪಿ ಎಂದು ಹೋದವರಿಗೆ 49. ಆಪರೇಷನ್ ಮೇಲು, ಒಪ್ಪುತ್ತೇನೆ. ಆದರೆ ಭೂಮಿ ಆಕಾಶದ ಅಂತರ ಇಲ್ಲ.

ಮುಖ್ಯವಾದದ್ದು ಏನೆಂದರೆ, ಅವರು ಬಲವಾದ ನೋವಿನ ಮಾತ್ರೆ ಶುರುವಾಗಿ ತುಂಬಾ ದಿನ ಆದವರನ್ನು ಸೇರಿಸಿಕೊಂಡೇ ಇರಲಿಲ್ಲ. ಟ್ರಮಡಾಲ್‌ನಂಥ ಮಾತ್ರೆಯಾದರೆ 6 ತಿಂಗಳ ಮಿತಿ. ಅಕ್ಕನ ತಮ್ಮ ಆ ಮಿತಿ ದಾಟಿರುವ ಹಾಗಿದೆ.

ಹಾಸನದ ಅಕ್ಕ
ದಾಟಿದ್ದಾನೆ. ಹಾಗಾದರೆ ತಡವಾಯಿತು ಎಂದು ಅರ್ಥವೇ? ಇದನ್ನು ಓದಿ ಕೈಕಾಲೇ ಆಡುತ್ತಿಲ್ಲ.

ಸರ್ಜನ್ ಮೈಸೂರು
ಅಮ್ಮಾ, ಗಾಬರಿ ಬೇಡ. ಬೇಗ ಬಂದವರಿಗೆ ಸಿಗುವಷ್ಟು ಲಾಭ ತಡವಾದವರಿಗೆ ಸಿಗದೇ ಇರಬಹುದು, ಅಷ್ಟೇ. ಲಾಭವೇ ಇಲ್ಲ ಎಂದಲ್ಲ. ನಾವು ಇಲ್ಲಿ ಆಪರೇಷನ್ ಮಾಡುವವರಲ್ಲಿ ಬಹಳಷ್ಟು ಜನ ತಡವಾಗಿಯೇ ಬಂದವರು. ನಾಳ ಇಷ್ಟು ಹಿಗ್ಗಿದೆ ಎಂದರೆ ಒತ್ತಡ ಇನ್ನೂ ಇದೆ ಎಂದು ಅರ್ಥ. ಒತ್ತಡ ಇಳಿಸಿದರೆ ಫಲ ಕಾಣುವ ಸಾಧ್ಯತೆ ಚೆನ್ನಾಗಿಯೇ ಇದೆ.

ಜಿಐ ಟ್ರೈನಿ
ನಾನೂ ಅದನ್ನೇ ಹೇಳಲು ಹೊರಟಿದ್ದೆ ಅಕ್ಕ. ಯುರೋಪಿನ ಎಂಡೋಸ್ಕೋಪಿ ವೈದ್ಯರ ಸಂಘದ ಮಾರ್ಗಸೂಚಿಯೇ ಹೇಳುತ್ತದೆ: ಎಂಡೋಸ್ಕೋಪಿ ಚಿಕಿತ್ಸೆಯ ಫಲ 6ರಿಂದ 8 ವಾರದಲ್ಲಿ ನೋಡಿ, ಸಾಲದಿದ್ದರೆ ಸರ್ಜನ್ ಜೊತೆ ಕೂತು ಮಾತಾಡಿ. ಸ್ಟೆಂಟ್ ಮೇಲೆ ಸ್ಟೆಂಟ್ ಹಾಕುತ್ತಾ ಹೋಗಿ ಎಂದು ನಮ್ಮ ಕಡೆಯವರೂ ಬರೆದಿಲ್ಲ. ಉದ್ದಕ್ಕೂ ಕಲ್ಲು, ಊದಿದ ತಲೆ, ಹಲವು ಸ್ಟೆಂಟ್ ಆದರೂ ನೋವು. ಇಂಥ ಕೇಸಿನಲ್ಲಿ ನಾನೂ ಸರ್ಜನ್ ಪರವೇ.

ಕಾಫಿ ತೋಟ
ಇಬ್ಬರೂ ಒಂದೇ ಕಡೆ ಬಂದಿರಿ. ಸದ್ಯ.

ಗಡಿನಾಡ ಕನ್ನಡಿಗ
ಕಾಸರಗೋಡಿನಿಂದ. ಕುಡಿಯದ ಹುಡುಗರಿಗೆ ಈ ಕಾಯಿಲೆ ಬರುವುದು ನಮ್ಮ ಕೇರಳದಲ್ಲಿ ಹೊಸ ವಿಷಯವೇ ಅಲ್ಲ. ಇಂಡೋನೇಷ್ಯಾದಲ್ಲಿ ಜುಯಿಡೆಮಾ ಎಂಬವರು 1959ರಲ್ಲಿ ಬರೆದರು. ಅದೇ ಹೊತ್ತಿನಲ್ಲಿ ಕೇರಳದ ಡಾ. ಗೀವರ್ಗೀಸ್ ನೂರಾರು ರೋಗಿಗಳನ್ನು ನೋಡಿ ದಾಖಲಿಸಿದರು. ಹದಿಹರೆಯದಲ್ಲಿ ನೋವು, ದೊಡ್ಡ ದೊಡ್ಡ ಕಲ್ಲು, ಆಮೇಲೆ ಶುಗರ್. ಹೆಚ್ಚಿನವರು ಬಡವರು. ನನ್ನ ಚಿಕ್ಕಪ್ಪನ ಓರಗೆಯಲ್ಲಿ ಇಬ್ಬರು ಹೀಗೇ ಹೋದರು. ಆಗ ಊರಿನವರು ಮರಗೆಣಸು ತಿಂದು ತಿಂದು ಹೀಗಾಯಿತು ಎನ್ನುತ್ತಿದ್ದರು.

ಮಲ್ಲೇಶ್ವರ 8ನೇ ಕ್ರಾಸ್
ಮರಗೆಣಸು ನಿಜವಾಗಲೂ ಕಾರಣವಾ? ನಮ್ಮ ಮನೆಯಲ್ಲಿ ವಾರಕ್ಕೊಮ್ಮೆ ಚಿಪ್ಸ್ ಮಾಡುತ್ತೇವೆ!

ಜಿಐ ಟ್ರೈನಿ
ಅದರಲ್ಲಿ ಸಯನೈಡ್ ಬಿಡುವ ಅಂಶ ಇರುವುದರಿಂದ ಆ ಅನುಮಾನ ಬಂದಿತ್ತು. ಆದರೆ ಮರಗೆಣಸು ತಿನ್ನದ ಜಾಗಗಳಲ್ಲೂ ಈ ಕಾಯಿಲೆ ಇದೆ. ಮರಗೆಣಸೇ ಮುಖ್ಯ ಆಹಾರವಾದ ಆಫ್ರಿಕಾದ ಎಷ್ಟೋ ಕಡೆ ಇದು ಅಷ್ಟಾಗಿ ಇಲ್ಲ. ಹಾಗಾಗಿ ಆ ವಾದ ಬಿದ್ದುಹೋಯಿತು. ಬೇಯಿಸಿ, ಕರಿದು ತಿನ್ನಿ, ಭಯ ಬೇಡ. ನಮ್ಮ ದೇಶದ ಹಲವು ರೋಗಿಗಳಲ್ಲಿ ಸ್ಪಿಂಕ್1 ಎಂಬ ಜೀನ್‌ನಲ್ಲಿ ಬದಲಾವಣೆ ಕಾಣುತ್ತದೆ. ಅದು ಇದ್ದವರಿಗೆಲ್ಲ ಕಾಯಿಲೆ ಬರುವುದಿಲ್ಲ. ಆರೋಗ್ಯವಾಗಿರುವವರಲ್ಲೂ ಇರುತ್ತದೆ. ಬೇರೆ ಏನೋ ಜೊತೆ ಸೇರಬೇಕು.

ಹಾಸನದ ಅಕ್ಕ
ಇದನ್ನು ನಮ್ಮ ಊರಿನವರಿಗೆ ಓದಿ ಹೇಳಬೇಕು. ಆಸ್ಪತ್ರೆಯೊಂದರಲ್ಲಿ ಅವನನ್ನು ಮೂರು ಜನ ಬೇರೆಬೇರೆಯಾಗಿ ಎಷ್ಟು ಕುಡೀತೀಯಾ ಎಂದು ಕೇಳಿದರು. ಇಲ್ಲ ಅಂದರೆ ನಗುತ್ತಾರೆ. ನಮ್ಮವನು ಕುಡುಕನಲ್ಲ ಎಂದು ಹೇಳಿ ಹೇಳಿ ಸಾಕಾಗಿದೆ.

ಬಿಸಿಲೂರು
ಅಕ್ಕಾ, ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಒಂದು ಮಾತು ಹೇಳಲೇಬೇಕು. ನನ್ನ ಗಂಡ ಕುಡಿಯುತ್ತಿದ್ದರು. ಅವರಿಗೂ ಇದೇ ಕಾಯಿಲೆ, ಇದೇ ನೋವು. ನಿಮ್ಮವನು ಕುಡಿಯಲ್ಲ, ಹಾಗಾಗಿ ಪಾಪ ಎನ್ನುವಾಗ ಕುಡಿದವರಿಗೆ ಈ ನೋವು ಆಗಬೇಕಾದದ್ದೇ ಎಂಬ ಅರ್ಥ ಬರುತ್ತದೆ. ರಾತ್ರಿ ಎರಡು ಗಂಟೆಗೆ ಗೋಡೆಗೆ ತಲೆ ಕೊಟ್ಟು ಕೂತವರನ್ನು ನಾನು ನೋಡಿದ್ದೇನೆ. ನೋವಿಗೆ ಜಾತಿ ಇಲ್ಲ. ನರ್ಸ್ ಒಬ್ಬರು ನನ್ನ ಎದುರಿಗೇ ಮಾಡಿದ್ದುಣ್ಣೋ ಮಹರಾಯ ಅಂದರು. ಅವತ್ತು ನನ್ನ ಗಂಡ ಇಂಜೆಕ್ಷನ್ ಕೇಳುವುದನ್ನೇ ನಿಲ್ಲಿಸಿದರು.

ಹಾಸನದ ಅಕ್ಕ
ನಿಮ್ಮ ಮಾತು ನಿಜ ಅಕ್ಕ. ಆ ಅರ್ಥದಲ್ಲಿ ಹೇಳಿದ್ದಲ್ಲ. ಈಗ ಹೇಗಿದ್ದಾರೆ?

ಬಿಸಿಲೂರು
ಕುಡಿಯುವುದು ಬಿಟ್ಟರು. ಬೀಡಿ ಬಿಡಲಿಲ್ಲ. ನಾಳ ಹಿಗ್ಗಿಲ್ಲ, ಆಪರೇಷನ್ ಆಗಲ್ಲ ಎಂದು ಡಾಕ್ಟರ್ ಹೇಳಿದ್ದಾರೆ. ಮಾತ್ರೆಯ ಮೇಲೆ ನಡೆಯುತ್ತಿದೆ.

ಜಿಐ ಟ್ರೈನಿ
ಬೀಡಿ ಬಿಡಿಸಿ ಅಕ್ಕ, ಏನಾದರೂ ಮಾಡಿ. ತಂಬಾಕು ತಾನೇ ಒಂದು ಪ್ರತ್ಯೇಕ ಕಾರಣ. ಕುಡಿತ ನಿಂತರೂ ಬೀಡಿ ಇದ್ದರೆ ಕಾಯಿಲೆ ಮುಂದೆ ಹೋಗುತ್ತಲೇ ಇರುತ್ತದೆ. ಕುಡಿತ ಬಿಡಿಸುವವರು ಬೀಡಿಯ ವಿಷಯ ಎತ್ತುವುದೇ ಇಲ್ಲ, ನನಗೆ ಇದರ ಬಗ್ಗೆ ತುಂಬಾ ಬೇಜಾರಿದೆ. ನಾಳ ಚಿಕ್ಕದಿರುವವರಿಗೆ ಡ್ರೈನೇಜ್ ಆಪರೇಷನ್ ಕಷ್ಟ, ಅದು ನಿಜ. ಕರುಳು ಹೊಲಿಯಲು ಜಾಗವೇ ಸಿಗುವುದಿಲ್ಲ. ಆದರೆ ತಲೆಭಾಗ ಊದಿದ್ದರೆ ಬೇರೆ ಬಗೆಯ ಆಪರೇಷನ್ ಇದೆ. ನೋವಿನ ತಜ್ಞರನ್ನೂ ಒಮ್ಮೆ ಕಾಣಿಸಿ. ಪ್ರಿಗ್ಯಾಬಲಿನ್‌ನಂಥ ನರದ ಮಾತ್ರೆಯಿಂದ ಕೆಲವರಿಗೆ ಉಪಯೋಗ ಆಗುತ್ತದೆ.

ಹುಬ್ಬಳ್ಳಿ ಮಂದಿ
ಎಲ್ಲರೂ ಒಳ್ಳೇದನ್ನೇ ಹೇಳುತ್ತಿದ್ದೀರಿ. ನಮ್ಮ ಕಾಕಾನ ಕಥೆಯನ್ನೂ ಕೇಳಿರಿ. ಆಪರೇಷನ್ ಆಯಿತು. ಮೂರು ವರ್ಷ ಆರಾಮ. ಆಮೇಲೆ ನೋವು ತಿರುಗಿ ಬಂತು. ಸ್ಕ್ಯಾನ್ ಮಾಡಿದರೆ ಎಲ್ಲ ಸರಿ ಇದೆ, ದಾರಿ ತೆರೆದೇ ಇದೆ ಅಂದರು. ಹಂಗಾದರೆ ನೋವು ಯಾಕೆ? ಅದಕ್ಕೆ ಯಾರೂ ಸರಿಯಾಗಿ ಉತ್ತರ ಕೊಡಲಿಲ್ಲ. ಇಷ್ಟು ದೊಡ್ಡ ಆಪರೇಷನ್ ಮಾಡಿಸಿ ಮತ್ತೆ ಮಾತ್ರೆ ನುಂಗುವುದಾದರೆ ಮಾಡಿಸಿದ್ದು ಯಾತಕ್ಕೆ ಎಂದು ಕಾಕಾ ಕೇಳುತ್ತಾನೆ.

ಸರ್ಜನ್ ಮೈಸೂರು
ಈ ಪ್ರಶ್ನೆಯನ್ನು ಆಪರೇಷನ್‌ಗೆ ಮೊದಲೇ ಎಲ್ಲರೂ ಕೇಳಬೇಕು, ನಾವೂ ಮೊದಲೇ ಹೇಳಬೇಕು. ನೋವಿಗೆ ಒತ್ತಡ ಒಂದೇ ಕಾರಣವಲ್ಲ. ವರ್ಷಗಟ್ಟಲೆ ಉರಿಯೂತ ಇದ್ದಾಗ ಗ್ರಂಥಿಯ ನರಗಳು ದಪ್ಪವಾಗುತ್ತವೆ, ಕೆಣಕಿದಂತೆ ಇರುತ್ತವೆ. ಬೆನ್ನುಹುರಿ, ಮಿದುಳು ಕೂಡ ನೋವಿಗೆ ಒಗ್ಗಿಹೋಗುತ್ತವೆ, ಸಣ್ಣದನ್ನೂ ದೊಡ್ಡದಾಗಿ ಹೇಳತೊಡಗುತ್ತವೆ. ಆ ಹಂತ ತಲುಪಿದ ಮೇಲೆ ನಾಳ ತೆರೆದರೂ ನೋವು ಪೂರ್ತಿ ಇಳಿಯದೆ ಇರಬಹುದು. ಬೇಗ ಮಾಡಿದರೆ ಒಳ್ಳೆಯದು ಎನ್ನುವುದರ ಹಿಂದಿನ ಕಾರಣವೂ ಇದೇ. ಡ್ರೈನೇಜ್ ಕಾಯಿಲೆಯನ್ನು ಗುಣ ಮಾಡುವುದಿಲ್ಲ. ನೋವನ್ನು ಇಳಿಸುತ್ತದೆ, ಅಷ್ಟೇ. ಆದರೆ ದಿನಾ ಅನುಭವಿಸುವವರಿಗೆ ಆ ಅಷ್ಟೇ ಎನ್ನುವುದೇ ಬಹಳ ದೊಡ್ಡದು.

ಕಾಕಾನ ವಿಷಯದಲ್ಲಿ ಇನ್ನೊಂದು. ನೋವು ಇಲ್ಲದೆ ಇದ್ದವರಿಗೆ ಹೊಸದಾಗಿ ನೋವು ಬಂದು, ಜೊತೆಗೆ ತೂಕ ಇಳಿಯುತ್ತಿದ್ದರೆ, ಕಾಮಾಲೆ ಕಂಡರೆ, ಸುಮ್ನೆ ಬಿಡಬೇಡಿ. ಈ ಕಾಯಿಲೆ ಇರುವವರಿಗೆ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಆಗುವ ಸಾಧ್ಯತೆ ಉಳಿದವರಿಗಿಂತ ಜಾಸ್ತಿ, ಆಪರೇಷನ್ ಆದಮೇಲೂ. ಒಂದು ಸಲ ಸ್ಕ್ಯಾನ್ ಸರಿ ಇತ್ತು ಎಂದು ನಿಲ್ಲಿಸಬೇಡಿ, ಮತ್ತೆ ತೋರಿಸಿ.

ಹುಬ್ಬಳ್ಳಿ ಮಂದಿ
ತೂಕ ಇಳಿದಿಲ್ಲ. ಆದರೂ ತೋರಿಸುತ್ತೇವೆ. ಹೇಳಿದ್ದು ಚಲೋ ಆಯಿತು.

ಬಂಟ್ವಾಳದ ಹುಡುಗ
ನನಗೂ ಆಗಾಗ ಸಣ್ಣ ನೋವು ಬರುತ್ತದೆ ಅಂದೆನಲ್ಲ, ಅದು ಇದೇ ಇರಬೇಕು. ಆದರೂ ಮತ್ತೆ ಕೇಳಿದರೆ ಮಾಡಿಸಿಕೊಳ್ಳುತ್ತೇನೆ ಎಂದೇ ಹೇಳುವೆ.

ಅಡುಗೆ ಆರೋಗ್ಯ
ಡಯಟೀಷಿಯನ್ ಆಗಿ ನನ್ನದೊಂದು ಮಾತು. ತಮ್ಮನ ತೂಕ ಇಳಿಯುತ್ತಿದೆ ಅಂದಿರಿ. ಮಲ ಎಣ್ಣೆ ಎಣ್ಣೆಯಾಗಿ, ವಾಸನೆ ಜಾಸ್ತಿಯಾಗಿ, ನೀರಿನಲ್ಲಿ ತೇಲುತ್ತದೆಯೇ? ಹಾಗಿದ್ದರೆ ತಿಂದ ಕೊಬ್ಬು ಜೀರ್ಣವಾಗುತ್ತಿಲ್ಲ. ಕಿಣ್ವದ ಕ್ಯಾಪ್ಸೂಲ್ ಬೇಕು. ಎಷ್ಟೋ ಜನ ಅದನ್ನು ಊಟಕ್ಕೆ ಅರ್ಧ ಗಂಟೆ ಮೊದಲು ನುಂಗುತ್ತಾರೆ, ದಂಡ. ಊಟದ ಜೊತೆಯಲ್ಲೇ ತೆಗೆದುಕೊಳ್ಳಬೇಕು. ಎರಡಿದ್ದರೆ ಒಂದು ಮೊದಲ ತುತ್ತಿನ ಜೊತೆ, ಇನ್ನೊಂದು ಮಧ್ಯದಲ್ಲಿ. ಅಗಿಯಬಾರದು. ದೊಡ್ಡವರಿಗೆ ಒಂದು ಪೂರ್ತಿ ಊಟಕ್ಕೆ 40,000ದಿಂದ 50,000 ಯೂನಿಟ್‌ನಿಂದ ಶುರು ಮಾಡುವುದು ರೂಢಿ. 10,000ದ ಒಂದೇ ಕ್ಯಾಪ್ಸೂಲ್ ನುಂಗಿ ಉಪಯೋಗವಿಲ್ಲ ಎಂದು ಬಿಟ್ಟವರು ಬಹಳ ಜನ.

ಹಾಸನದ ಅಕ್ಕ
ಮಲ ಹಾಗೇ ಇದೆ. ಕ್ಯಾಪ್ಸೂಲ್ ದಿನಕ್ಕೊಂದು ಕೊಡುತ್ತಿದ್ದೇವೆ, ಊಟಕ್ಕೆ ಮೊದಲು. ತುಪ್ಪ, ಎಣ್ಣೆ ಪೂರ್ತಿ ನಿಲ್ಲಿಸಿದ್ದೇವೆ. ಮುದ್ದೆ, ಸಪ್ಪೆ ಸಾರು ಮಾತ್ರ.

ಅಡುಗೆ ಆರೋಗ್ಯ
ಅಯ್ಯೋ, ಅದಕ್ಕೇ ಸೊರಗಿದ್ದಾನೆ. ಮುದ್ದೆ ಕೊಡಿ, ಬೇಡ ಎನ್ನುವುದಿಲ್ಲ. ಆದರೆ ಕ್ಯಾಪ್ಸೂಲ್ ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಕೊಬ್ಬನ್ನು ಪೂರ್ತಿ ಬಿಡಬೇಕಿಲ್ಲ. ಸ್ವಲ್ಪ ಸ್ವಲ್ಪವಾಗಿ ಐದಾರು ಸಲ ತಿನ್ನಲಿ. ಮೊಟ್ಟೆ ತಿನ್ನುವವರಾದರೆ ಮೊಟ್ಟೆ, ಇಲ್ಲದಿದ್ದರೆ ಬೇಳೆ, ಮೊಸರು, ಪನೀರ್. ವಿಟಮಿನ್ ಡಿ ನೋಡಿಸಿ, ಈ ಕಾಯಿಲೆಯಲ್ಲಿ ಮೂಳೆ ಸವೆಯುತ್ತದೆ. ಆಪರೇಷನ್‌ಗೆ ಹೋಗುವುದಾದರೆ ಈಗಿನಿಂದಲೇ ಮೈ ಗಟ್ಟಿ ಮಾಡಬೇಕು.

ಮಲ್ಲೇಶ್ವರ 8ನೇ ಕ್ರಾಸ್
ಆ ಕ್ಯಾಪ್ಸೂಲ್ ಹಂದಿಯಿಂದ ಮಾಡುತ್ತಾರೆ ಎಂದು ಕೇಳಿದ್ದೇನೆ. ನಿಜವಾ? ನಮ್ಮ ದೊಡ್ಡಪ್ಪ ಶುದ್ಧ ಸಸ್ಯಾಹಾರಿ. ಅವರಿಗೆ ಹೇಳದೆಯೇ ಕೊಡುತ್ತಿದ್ದಾರೆ.

ಅಡುಗೆ ಆರೋಗ್ಯ
ನಿಜ. ಹಂದಿಯ ಪ್ಯಾಂಕ್ರಿಯಾಸ್‌ನಿಂದಲೇ ತಯಾರಾಗುತ್ತದೆ. ದೊಡ್ಡಪ್ಪನಿಗೆ ಹೇಳಿಯೇ ಕೊಡಿ. ತಿಳಿದೇ ತೆಗೆದುಕೊಳ್ಳುವ ಸಸ್ಯಾಹಾರಿಗಳು ತುಂಬಾ ಜನ ಇದ್ದಾರೆ, ಔಷಧಿ ಎಂದು ಒಪ್ಪುತ್ತಾರೆ. ಒಪ್ಪದಿದ್ದರೆ ಅದು ಅವರ ಹಕ್ಕು. ಮುಚ್ಚಿಟ್ಟು ಕೊಡುವುದು ನನಗೆ ಸರಿ ಕಾಣುವುದಿಲ್ಲ.

ಗಡಿನಾಡ ಕನ್ನಡಿಗ
ಜೀವ ಉಳಿಯುವ ವಿಷಯದಲ್ಲಿ ಇದೆಲ್ಲ ನೋಡುತ್ತಾ ಕೂರಬಾರದು.

ಅಡುಗೆ ಆರೋಗ್ಯ
ನೋಡುವವರು ನೋಡಲಿ. ನಿರ್ಧಾರ ಅವರದ್ದು, ನಮ್ಮದಲ್ಲ.

ಲೆಕ್ಕದ ಪುಸ್ತಕ
ಖರ್ಚಿನ ಮಾತು ಯಾರೂ ಎತ್ತಿಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಎಪಿಎಲ್ ಆದರೆ ಸರ್ಕಾರದ ಪ್ಯಾಕೇಜ್ ದರದ ನೂರಕ್ಕೆ 30, ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬೇಕು. ಅಡ್ಮಿಟ್ ಆಗುವ ಮೊದಲೇ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು (ಈ ಯೋಜನೆಯ ಸಹಾಯಕರು) ಕಂಡು, ಆಪರೇಷನ್ ಹೆಸರು ಬರೆದುಕೊಟ್ಟು, ಒಪ್ಪಿಗೆ ಬಂದಿದೆಯೇ ಎಂದು ಕೇಳಿ. ಆಮೇಲೆ ಓಡಾಡಿದರೆ ಆಗುವುದಿಲ್ಲ. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲೇ ಹೊಟ್ಟೆ, ಕರುಳಿನ ಕಾಯಿಲೆಗೆ ಸರ್ಕಾರದ ಪ್ರತ್ಯೇಕ ಸಂಸ್ಥೆ ಇದೆ, ಅಲ್ಲೂ ಕೇಳಬಹುದು.

ಹಾಸನದ ಅಕ್ಕ
ಬಿಪಿಎಲ್ ಕಾರ್ಡ್ ಇದೆ. ಸ್ಟೆಂಟ್‌ಗೆಲ್ಲ ಕೈಯಿಂದಲೇ ಹಾಕಿದ್ದೇವೆ, ಇದನ್ನು ಯಾರೂ ಹೇಳಿರಲಿಲ್ಲ. ನಾಳೆಯೇ ಜಿಲ್ಲಾಸ್ಪತ್ರೆಗೆ ಹೋಗುತ್ತೇನೆ.

ಡಬ್ಲಿನ್ ಕನ್ನಡತಿ
ಇಲ್ಲಿ ಐರ್ಲೆಂಡಿನಲ್ಲಿ ಸರ್ಜರಿ ವಾರ್ಡ್ ನರ್ಸ್. ಆಪರೇಷನ್ ಆದ ಮೇಲಿನದ್ದು ಸ್ವಲ್ಪ ಹೇಳುತ್ತೇನೆ, ಅಮ್ಮನಿಗೆ ಧೈರ್ಯ ಬರಬಹುದು. ಮರುದಿನವೇ ಎಬ್ಬಿಸಿ ಕೂರಿಸುತ್ತೇವೆ, ನಡೆಸುತ್ತೇವೆ. ಕ್ರೂರ ಎನಿಸುತ್ತದೆ, ಆದರೆ ಶ್ವಾಸಕೋಶಕ್ಕೆ, ಕಾಲಿನ ರಕ್ತನಾಳಕ್ಕೆ ಅದೇ ಒಳ್ಳೆಯದು. ಡ್ರೈನ್‌ನಲ್ಲಿ ಬರುವ ನೀರನ್ನು ಲ್ಯಾಬ್‌ಗೆ ಕಳಿಸಿ ಅಮೈಲೇಸ್ ಎಂಬ ಪ್ಯಾಂಕ್ರಿಯಾಸ್ ರಸದ ಕಿಣ್ವ ನೋಡುತ್ತಾರೆ. ಹೊಲಿಗೆಯಿಂದ ರಸ ಸೋರುತ್ತಿದೆಯೇ ಎಂದು ಅದರಿಂದ ಗೊತ್ತಾಗುತ್ತದೆ. ಜ್ವರ, ಇದ್ದಕ್ಕಿದ್ದಂತೆ ಹೊಟ್ಟೆ ಉಬ್ಬರ, ಡ್ರೈನ್‌ನಲ್ಲಿ ಕೆಂಪು ಬಣ್ಣ ಕಂಡರೆ ತಕ್ಷಣ ಹೇಳಿ, ಬೆಳಿಗ್ಗೆ ರೌಂಡ್ಸ್‌ವರೆಗೆ ಕಾಯಬೇಡಿ. ಎಲ್ಲ ಸರಿ ಇದ್ದರೆ ಒಂದು ವಾರ, ಹತ್ತು ದಿನದಲ್ಲಿ ಮನೆಗೆ.

ಒಂದು ಬೇಡಿಕೆ. ಟ್ರಮಡಾಲ್ ಎಷ್ಟು ದಿನದಿಂದ, ಎಷ್ಟು ತೆಗೆದುಕೊಳ್ಳುತ್ತಿದ್ದಾನೆ ಎಂಬುದನ್ನು ಅರಿವಳಿಕೆ ಡಾಕ್ಟರ್‌ಗೆ ಸರಿಯಾಗಿ ಹೇಳಿ. ನಾಚಿಕೆಯಿಂದ ಕಡಿಮೆ ಹೇಳುತ್ತಾರೆ, ಆಮೇಲೆ ವಾರ್ಡ್‌ನಲ್ಲಿ ಮಾಮೂಲಿ ಡೋಸ್ ಸಾಲದೆ ರೋಗಿ ನರಳುತ್ತಾನೆ. ಇದ್ದಕ್ಕಿದ್ದಂತೆ ನಿಲ್ಲಿಸಲೂಬಾರದು.

ಹಾಸನದ ಅಕ್ಕ
ನಿಮ್ಮ ಮಾತನ್ನು ಅಮ್ಮನಿಗೆ ಓದಿ ಹೇಳಿದೆ. ಅವರ ಪ್ರಶ್ನೆ ಒಂದೇ: ಜೀವಕ್ಕೆ ಅಪಾಯ ಎಷ್ಟು? ಆಮೇಲೆ ಶುಗರ್ ಬರುತ್ತದೆಯೇ?

ಸರ್ಜನ್ ಮೈಸೂರು
ಈ ಆಪರೇಷನ್ ಹೆಚ್ಚಾಗಿ ಮಾಡುವ ಕಡೆ ಜೀವಕ್ಕೆ ಅಪಾಯ ನೂರಕ್ಕೆ ಒಂದರ ಆಸುಪಾಸು ಅಥವಾ ಅದಕ್ಕೂ ಕಡಿಮೆ. ಸೋರಿಕೆ, ರಕ್ತಸ್ರಾವ, ಗಾಯಕ್ಕೆ ಸೋಂಕು, ಇವು ಅದಕ್ಕಿಂತ ಹೆಚ್ಚು ಜನರಲ್ಲಿ ಆಗುತ್ತವೆ, ಬಹುಪಾಲು ಸರಿಹೋಗುತ್ತವೆ. ಹಾಗಾಗಿ ಸರ್ಜನ್‌ಗೆ ನೇರವಾಗಿ ಕೇಳಿ: ನೀವು ವರ್ಷಕ್ಕೆ ಎಷ್ಟು ಮಾಡುತ್ತೀರಿ? ಬೇಜಾರು ಮಾಡಿಕೊಳ್ಳುವವರ ಹತ್ತಿರ ಮಾಡಿಸಬೇಡಿ.

ಶುಗರ್ ವಿಷಯ. ಡ್ರೈನೇಜ್‌ನಲ್ಲಿ ಗ್ರಂಥಿಯ ಹೆಚ್ಚಿನ ಭಾಗ ಉಳಿಯುವುದರಿಂದ ಆಪರೇಷನ್‌ನಿಂದಲೇ ಶುಗರ್ ಬರುವುದು ಕಡಿಮೆ. ಆದರೆ ಕಾಯಿಲೆ ಒಳಗೆ ಮುಂದುವರಿಯುತ್ತದೆ, ಮುಂದೊಂದು ದಿನ ಬರಬಹುದು, ಆಪರೇಷನ್ ಮಾಡಿಸದಿದ್ದರೂ ಬರಬಹುದು. ಈಗಲೇ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ಹೇಳುವ ರಕ್ತ ಪರೀಕ್ಷೆ) ನೋಡಿಸಿಡಿ. ಈ ಬಗೆಯ ಶುಗರ್‌ನಲ್ಲಿ ಸಕ್ಕರೆ ಏರಿಸುವ ಗ್ಲುಕಗಾನ್ ಕೂಡ ಕಡಿಮೆಯಾಗಿರುತ್ತದೆ. ಇನ್ಸುಲಿನ್ ತೆಗೆದುಕೊಂಡು ಊಟ ತಪ್ಪಿಸಿದರೆ ಸಕ್ಕರೆ ಸರ್ರನೆ ಕೆಳಗೆ ಹೋಗುತ್ತದೆ.

ಜಿಐ ಟ್ರೈನಿ
ಅಕ್ಕ, ಒಂದು ಕೆಲಸ ಮಾಡಿ. ಎಂಆರ್‌ಸಿಪಿ (ನಾಳಗಳನ್ನು ತೋರಿಸುವ ಎಂಆರ್‌ಐ ಸ್ಕ್ಯಾನ್) ಆಗಿಲ್ಲದಿದ್ದರೆ ಮಾಡಿಸಿ, ಸಿಟಿಯ ಸಿಡಿ ಜೊತೆಗಿಡಿ. ಸ್ಟೆಂಟ್ ಹಾಕುವ ಡಾಕ್ಟರ್ ಮತ್ತು ಸರ್ಜನ್ ಇಬ್ಬರೂ ಒಂದೇ ದಿನ, ಒಂದೇ ರೂಮಿನಲ್ಲಿ ಅದನ್ನು ನೋಡುವಂತೆ ಕೇಳಿ. ದೊಡ್ಡ ಆಸ್ಪತ್ರೆಗಳಲ್ಲಿ ಇಂಥ ಮೀಟಿಂಗ್ ಇರುತ್ತದೆ, ಕೇಳಿದರೆ ಮಾಡುತ್ತಾರೆ. ಇನ್ನೊಂದು ಸ್ಟೆಂಟ್ ಎಂದರೆ ಕೇಳಿ: ಇದರಿಂದ ಏನು ಬದಲಾಗುತ್ತದೆ, ಎಷ್ಟು ವಾರದಲ್ಲಿ ಗೊತ್ತಾಗುತ್ತದೆ, ಆಗದಿದ್ದರೆ ಮುಂದೇನು?

ಹಾಸನದ ಅಕ್ಕ
ಸರಿ. ಎಂಆರ್‌ಸಿಪಿಗೆ ಗುರುವಾರ ಟೈಮ್ ಸಿಕ್ಕಿದೆ. ತಮ್ಮನೂ ಇದನ್ನೆಲ್ಲ ಓದಿದ. ಅವನದ್ದೇ ಒಂದು ಪ್ರಶ್ನೆ, ಬಂಟ್ವಾಳದ ಅಣ್ಣನಿಗೆ. ಅವನಿಗೆ ಟ್ರಾಕ್ಟರ್ ಓಡಿಸುವ ಕೆಲಸ. ಎಷ್ಟು ತಿಂಗಳಿಗೆ ಮತ್ತೆ ಹತ್ತಬಹುದು?

ಬಂಟ್ವಾಳದ ಹುಡುಗ
ನಂದು ಅಂಗಡಿ ಕೆಲಸ, ಬೇಗ ಹೋದೆ. ಭಾರ ಎತ್ತಬೇಡ ಎಂದು ನನಗೆ ಮೂರು ತಿಂಗಳು ಹೇಳಿದ್ದರು. ಟ್ರಾಕ್ಟರ್ ಕುಲುಕಾಟಕ್ಕೆ ಡಾಕ್ಟರನ್ನೇ ಕೇಳಬೇಕು ತಮ್ಮಾ.

ಸರ್ಜನ್ ಮೈಸೂರು
ಮೂರು ತಿಂಗಳು ಬಿಡಲಿ. ಹೊಲಿಗೆ ಹೊರಗೆ ಒಣಗಿದ್ದರೂ ಒಳಗಿನ ಪದರ ಗಟ್ಟಿಯಾಗಲು ಹೊತ್ತು ಬೇಕು, ಅವಸರ ಮಾಡಿದರೆ ಹರ್ನಿಯಾ ಆಗುತ್ತದೆ. ಆಮೇಲೂ ಮೊದಲು ರಸ್ತೆಯಲ್ಲಿ ಓಡಿಸಲಿ, ಉಳುಮೆ ಆಮೇಲೆ.